ಕಣ್ಣು ಮುಚ್ಚಿಕೊಂಡ ದೃಷ್ಟಿಬೊಂಬೆ

ಪದ್ಮನಾಭನಗರದಾಚೆಯ ಗೌಡನಕುಂಟೆ ಬಡಾವಣೆಯಲ್ಲಿ ದೃಷ್ಟಿಬೊಂಬೆಗಳೆಲ್ಲ ಒಂದೇ ಬೆಳಗ್ಗೆ ಕಣ್ಣು ಮುಚ್ಚಿಕೊಂಡ ಸಂಗತಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಅದಕ್ಕೆ ಕಾರಣ ಇಷ್ಟೆ: ಆ ಸುದ್ದಿಗೆ ತಕ್ಕಷ್ಟು ದೊಡ್ಡ ಅಕ್ಷರದ ಮೊಳೆ ಬೆಂಗಳೂರಿನ ಯಾವ ಮುದ್ರಣಾಲಯದಲ್ಲೂ ಇರಲಿಲ್ಲ.

ಅದು ತೊಂಬತ್ತೆಂಟನೇ ಇಸವಿ. ಊರು ದಕ್ಷಿಣದ ಕಡೆಗೆ ಎದ್ದುಬಿದ್ದು ಓಡುತ್ತಿದ್ದ ಕಾಲ. ಮಲಗುವಾಗ ರಾಗಿಹೊಲವಾಗಿದ್ದದ್ದು ಏಳುವಾಗ ಎರಡಂತಸ್ತಿನ ಮನೆಯಾಗಿರುತ್ತಿತ್ತು. ಹೊಲದಲ್ಲಿ ಕಟ್ಟಿಹಾಕಿದ್ದ ಹಸು ಬೆಳಗ್ಗೆ ಮೂರನೇ ಮಹಡಿಯ ತಾರಸಿಯ ಮೇಲೆ ಮೆಲುಕು ಹಾಕುತ್ತಾ ಸಿಕ್ಕಿದ್ದೂ ಉಂಟು. ಕಟ್ಟುವ ಮನೆ ಅಂದಮೇಲೆ ದೃಷ್ಟಿಬೊಂಬೆ ಇರಲೇಬೇಕು. ಹಳೇ ಪ್ಯಾಂಟು, ಅಂಗಿಗೆ ಹುಲ್ಲು ತುಂಬಿ, ಮೇಲೊಂದು ರಾಕ್ಷಸನ ಮುಖವಾಡ ಸಿಕ್ಕಿಸಿ, ಗಾರೆಯವರು ಹತ್ತುವ ಸಾರುವೆಯ ಕಂಬಕ್ಕೆ ನೇತುಹಾಕುತ್ತಾರೆ. ಕೋರೆಹಲ್ಲು, ಹೊಟ್ಟೆಯ ತನಕ ಇಳಿದ ಕೆಂಪು ನಾಲಿಗೆ, ದೋಸೆಯಗಲದ ಕಣ್ಣು. ದಾರಿಹೋಕರ ಹೊಟ್ಟೆಕಿಚ್ಚೆಲ್ಲ ಮೊದಲು ಅದರ ಮೇಲೆ ಬಿದ್ದು ಅಲ್ಲೇ ಸಾಯಬೇಕು, ಗೋಡೆಗೆ ತಾಗಬಾರದು. ಇದು ಅದರ ಕೆಲಸ. ಸಂಬಳವಿಲ್ಲ, ರಜೆಯಿಲ್ಲ, ಗೃಹಪ್ರವೇಶದ ದಿನ ಊಟಕ್ಕೂ ಕರೆಯುವುದಿಲ್ಲ.

ಆ ದಿನ ಬೆಳಕು ಹರಿಯುವಷ್ಟರಲ್ಲಿ ಬಡಾವಣೆಯ ಅಷ್ಟೂ ಬೊಂಬೆಗಳು ಬಣ್ಣದ ಕಣ್ಣಿನ ಮೇಲೆ ಬಣ್ಣದ ರೆಪ್ಪೆ ಎಳೆದುಕೊಂಡು ನೇತಾಡುತ್ತಿದ್ದವು. ಪರಿಣಾಮ ಘೋರವಾಗಿತ್ತು. ಮನೆಮನೆಯಲ್ಲೂ ಹಾಲು ಒಡೆಯಿತು. ಇಡ್ಲಿಹಿಟ್ಟು ಉಬ್ಬುವ ಬದಲು ಪಾತ್ರೆಯ ತಳಕ್ಕೆ ಕುಸಿಯಿತು. ಹಿಂದಿನ ದಿನ ಬಳಿದ ಗಾರೆ, ಎದುರುಮನೆಯವರು ಒಂದು ಸಲ ನೋಡಿದ್ದಕ್ಕೇ ಬಿರುಕು ಬಿಟ್ಟಿತು. ಟ್ಯೂಷನ್ನಿನ ಮಕ್ಕಳಿಗೆಲ್ಲ ಒಂಬತ್ತರ ಮಗ್ಗಿ ಮರೆತುಹೋಯಿತು; ಮೇಷ್ಟರಿಗೂ ಮರೆತುಹೋದದ್ದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ.

ಜನ ಪೊಲೀಸ್ ಠಾಣೆಗೆ ನುಗ್ಗಿದರು. ಅಲ್ಲಿ ಬೆಳಗಿನ ಪಾಳಿಯಲ್ಲಿದ್ದವನು ದಫೇದಾರ ಚಿಕ್ಕಬೈರಪ್ಪ.

ಚಿಕ್ಕಬೈರಪ್ಪನ ಮೀಸೆಯ ಒಂದು ತುದಿ ಬನಶಂಕರಿಯಲ್ಲಿ ತಿರುಗಿದರೆ ಇನ್ನೊಂದು ತುದಿ ಜಯನಗರದಲ್ಲಿ ಸಿಗ್ನಲ್ಲಿಗೆ ಕಾಯುತ್ತಿತ್ತು. ಕಲ್ಲನ್ನೂ ಬಾಯಿ ಬಿಡಿಸುವವನು ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಕನಕಪುರ ರಸ್ತೆಯ ಮೈಲಿಗಲ್ಲೊಂದನ್ನು ಅವನು ವಿಚಾರಣೆಗೆ ಒಳಪಡಿಸಿದಾಗ, ತಾನು ಇಷ್ಟು ವರ್ಷ ದೂರವನ್ನು ಕಡಿಮೆ ಹೇಳುತ್ತಿದ್ದೆನೆಂದು ಅದು ತಾನಾಗಿ ಒಪ್ಪಿಕೊಂಡಿತ್ತು. ಇಂಥವನಿಗೂ ಒಂದು ಕುರುಡು ನಂಬಿಕೆಯಿತ್ತು. ಕಟ್ಟುವ ಮನೆಯಲ್ಲಿ ಕಳುವಾದರೆ ಮೊದಲು ವಾಚ್‌ಮನ್ನನ್ನು ಒಳಗೆ ಹಾಕಬೇಕು, ಆಮೇಲೆ ಯೋಚನೆ ಮಾಡಬೇಕು. ಠಾಣೆಯ ಹಿರಿಯರು ಅವನಿಗೆ ಕಲಿಸಿದ್ದು ಹಾಗೆ. ಅವನೂ ಕಿರಿಯರಿಗೆ ಹಾಗೇ ಕಲಿಸುತ್ತಿದ್ದ.

ಜನರ ಗದ್ದಲದ ನಡುವೆ ದಾರಿ ಮಾಡಿಕೊಂಡು ಬೋರಣ್ಣ ಒಳಗೆ ಬಂದ. ಚಿಕ್ಕಬೈರಪ್ಪನ ಹೆಂಡತಿ ಕಮಲಾದೇವಿಯ ಅಣ್ಣ. ಬಡಾವಣೆಯ ಅರ್ಧ ಭಾಗ ಒಂದು ಕಾಲಕ್ಕೆ ಅವನಪ್ಪನ ರಾಗಿಹೊಲ. ಈಗ ಮುಖ್ಯರಸ್ತೆಯಲ್ಲಿ ಅವನದೇ ಮೂರಂತಸ್ತಿನ ಮನೆ ಏಳುತ್ತಿತ್ತು. ಚಿಕ್ಕಬೈರಪ್ಪ ಇದ್ದದ್ದೂ ಬೋರಣ್ಣನ ಮನೆಯೊಂದರಲ್ಲೇ.

“ಬೈರಪ್ಪ, ನಮ್ಮ ವಾಸ್ಕಲ್ಲು ಹೋಯ್ತು ಕಣಪ್ಪ” ಎಂದ.

“ತಲೆಬಾಗ್ಲಾ ಭಾವ?”

“ಬಾಗ್ಲು, ಚೌಕಟ್ಟು, ಹೊಸ್ತಿಲು, ಮೇಲಿನ ಗಜಲಕ್ಷ್ಮಿ, ಎಲ್ಲ. ಗೋಡೇಲಿ ಒಂದು ತೂತು ಉಳ್ಕೊಂಡೈತೆ. ಎಮ್ಮೆ ನುಗ್ಗಬೋದು.”

ಆ ಬಾಗಿಲನ್ನು ನೋಡದವರು ಬಡಾವಣೆಯಲ್ಲಿರಲಿಲ್ಲ. ತೇಗದ ಮರ. ಅದರ ಮೇಲೆ ಕೆತ್ತಿದ್ದ ಆನೆಗಳು ಎಷ್ಟು ಸಜೀವವಾಗಿದ್ದವೆಂದರೆ ಮಾವುತರು ಬಂದು ಕೆಲಸ ಕೇಳಿಕೊಂಡು ಹೋಗುತ್ತಿದ್ದರು. ಎರಡು ತಿಂಗಳ ಹಿಂದೆ ಪೂಜೆ ಮಾಡಿ, ಹೊಸ್ತಿಲ ಕೆಳಗೆ ನವಧಾನ್ಯ ಹಾಕಿ ನಿಲ್ಲಿಸಿದ್ದರು.

ಚಿಕ್ಕಬೈರಪ್ಪ ಪದ್ಧತಿ ತಪ್ಪಲಿಲ್ಲ. ಅರ್ಧ ಗಂಟೆಯೊಳಗೆ ಆ ಮನೆಯ ವಾಚ್‌ಮನ್ ಹೊಳೆಪ್ಪ ಠಾಣೆಯಲ್ಲಿದ್ದ. ಬಾಗಲಕೋಟೆ ಕಡೆಯವನು, ಸಣಕಲ ಆಳು. ಹೆಂಡತಿ ರೇಣವ್ವನ ಜೊತೆ ಅಲ್ಲೇ ತಗಡಿನ ಶೆಡ್ಡಿನಲ್ಲಿ ಸಂಸಾರ.

“ಸಾಹೇಬ್ರ, ನಾ ಅಲ್ಲಿ ಇರಲೇ ಇಲ್ರಿ” ಎಂದ ಹೊಳೆಪ್ಪ. “ನಸುಕಿನ್ಯಾಗ ಯಜಮಾನ್ರ ಕಳಿಸಿದ್ರು, ಅರೆಕೆರಿಗೆ ಹೋಗಿ ಬಾಳಿಕಂಬ ನೋಡ್ಕೊಂಡು ಬಾ ಅಂತ. ಇಕಿನೂ ಜೋಡಿ ಕರ್ಕೊಂಡ್ ಹೋಗಂದ್ರು. ಬರೂದ್ರಾಗ ಬಾಗ್ಲಾ ಇಲ್ಲ.”

ಬೋರಣ್ಣ ಫ್ಯಾನಿನ ಕಡೆ ನೋಡುತ್ತಾ, “ಗೃಹಪ್ರವೇಶಕ್ಕೆ ಇನ್ನೂ ಹದಿನೈದು ದಿನ ಐತೆ. ಈಗ್ಲೇ ಯಾರಪ್ಪ ಬಾಳೆಕಂಬ ನೋಡ್ತಾರೆ?” ಎಂದ.

ನಿಂತಿದ್ದ ಪೇದೆ ಹನುಮಯ್ಯ ಕಿಸಕ್ಕನೆ ನಕ್ಕ. ಮಾತು ಅಲ್ಲಿಗೆ ಮುಗಿಯಿತು. ಲಾಕಪ್ಪಿನ ಬಾಗಿಲು ಮುಚ್ಚಿತು. ಅದೊಂದು ಬಾಗಿಲನ್ನು ಮಾತ್ರ ಯಾರೂ ಕದ್ದಿರಲಿಲ್ಲ.

ಇನ್ಸ್‌ಪೆಕ್ಟರ್ ಮುತ್ತುರಾಜ ಬಂದವರು ಎರಡೂ ವಿಷಯ ಕೇಳಿ ತಲೆ ಹಿಡಿದುಕೊಂಡರು. “ಬೊಂಬೆ ಕಣ್ಣು ಬಿಡ್ಲಿಲ್ಲ ಅಂದ್ರೆ ಮಿನಿಸ್ಟ್ರ ಹತ್ರ ಹೋಗ್ತೀವಿ ಅಂತಿದ್ದಾರ್ರೀ ಇವರು. ಅದನ್ನ ಮೊದ್ಲು ನೋಡಿ. ಆ ವಾಚ್‌ಮನ್ನನ್ನ ನಾಳೆ ಮಧ್ಯಾಹ್ನ ಕೋರ್ಟಿಗೆ ಕಳಿಸಿಬಿಡಿ. ಜೈಲಲ್ಲಿ ಇರ್ಲಿ. ಜಾಮೀನು ಕೊಡೋಕೆ ಅವನಿಗ್ಯಾರಿದ್ದಾರೆ ಇಲ್ಲಿ?”

ಯಾರೂ ಇರಲಿಲ್ಲ. ಜೈಲಿಗಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಕಳ್ಳ ಎಂದು ಹೆಸರು ಬಿದ್ದ ವಾಚ್‌ಮನ್ನಿಗೆ ಮೈಸೂರು ರಸ್ತೆಯಿಂದ ಹೊಸೂರು ರಸ್ತೆಯ ತನಕ ಯಾವ ಮೇಸ್ತ್ರಿಯೂ ಕೆಲಸ ಕೊಡುವುದಿಲ್ಲ. ಶೆಡ್ಡು ಹೋಗುತ್ತದೆ, ಅನ್ನ ಹೋಗುತ್ತದೆ. ಹೆಸರು ಮಾತ್ರ ಬೆನ್ನು ಬಿಡುವುದಿಲ್ಲ.

ಇದನ್ನು ಹೊಳೆಪ್ಪನಿಗಿಂತ ಚೆನ್ನಾಗಿ ತಿಳಿದಿದ್ದವಳು ರೇಣವ್ವ. ಠಾಣೆಯೆದುರಿನ ಹೊಂಗೆಮರದ ಕೆಳಗೆ ಬಂದು ಕೂತಳು. ಐದು ತಿಂಗಳ ಬಸುರಿ. ಅಳಲಿಲ್ಲ, ಕಾಲು ಹಿಡಿಯಲಿಲ್ಲ, ಸುಮ್ಮನೆ ಬಾಗಿಲನ್ನೇ ನೋಡುತ್ತಾ ಕೂತಳು. ಆ ನೋಟಕ್ಕೆ ಠಾಣೆಯ ಗೋಡೆ ಆ ದಿನ ಎರಡು ಅಂಗುಲ ಒಳಕ್ಕೆ ಸರಿಯಿತು. ಈಗಲೂ ಹೋಗಿ ಅಳೆದುಕೊಳ್ಳಬಹುದು.

ಮಧ್ಯಾಹ್ನ ಚಿಕ್ಕಬೈರಪ್ಪ ಟೀ ಕುಡಿಯಲು ಹೊರಗೆ ಬಂದಾಗ ಅವಳು ಕರೆದಳು.

“ಸಾಹೇಬ್ರ, ಒಂದ್ ಮಾತ್ ಕೇಳ್ಲೇನ್ರಿ?”

“ಕೇಳಮ್ಮ. ಬಿಡಿ ಅಂತ ಮಾತ್ರ ಕೇಳ್ಬೇಡ.”

“ಅದಲ್ರಿ. ಬಾಗ್ಲಾ ಹೋಗಿದ್ದು ಇವತ್ತ ನಸುಕಿನ್ಯಾಗ. ಬೊಂಬಿ ಕಣ್ಣ ಮುಚ್ಚಿದ್ದೂ ಇವತ್ತ ನಸುಕಿನ್ಯಾಗ. ಇವನ್ನ ಎರಡ ಕೇಸ್ ಯಾಕ ಮಾಡೀರಿ?”

ಚಿಕ್ಕಬೈರಪ್ಪನ ಲೋಟ ಮೀಸೆಯ ಹತ್ತಿರ ನಿಂತಿತು.

“ನಿಮ್ಮ ಮಂದಿ ಹೆಂಗ ಕಣ್ಣ ಮುಚ್ತಾರೋ ನನಗ ಗೊತ್ತಿಲ್ಲ” ಎಂದಳು ರೇಣವ್ವ. “ನಮ್ಮ ಕಡೆ ನೋಡಬಾರದ್ದ ನೋಡಿದಾಗ ಮುಚ್ತಾರ.”

ಅವನು ಟೀಯನ್ನು ಅಲ್ಲೇ ಚೆಲ್ಲಿ, ಟೊಪ್ಪಿಗೆ ಸರಿಮಾಡಿಕೊಂಡು, ಸೀದಾ ಬೋರಣ್ಣನ ಕಟ್ಟಡಕ್ಕೆ ನಡೆದ.

ಗೋಡೆಯಲ್ಲಿ ವಾಸ್ಕಲ್ಲಿನ ಜಾಗ ಬಾಯಿ ತೆರೆದುಕೊಂಡಿತ್ತು. ಅದರ ನೇರಕ್ಕೆ ಎರಡನೇ ಮಹಡಿಯ ಸಾರುವೆಯಲ್ಲಿ ಬೊಂಬೆ ನೇತಾಡುತ್ತಿತ್ತು. ಮೈಮೇಲೆ ಚೌಕಳಿಯ ಅಂಗಿ. ಚಿಕ್ಕಬೈರಪ್ಪ ಹತ್ತಿದ. ಹತ್ತುವಾಗ ಸಾರುವೆಯ ಕಂಬಗಳು ಅವನ ದೇಹಕ್ಕೆ ಹೆದರಿ ತಾವಾಗಿ ಬಗ್ಗಿ ಮೆಟ್ಟಿಲು ಕೊಟ್ಟವು. ಬೊಂಬೆಯ ಎದುರಿಗೆ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತ.

“ಹೆಸರು?”

ಬೊಂಬೆ ಸ್ವಲ್ಪ ಹೊತ್ತು ಬೊಂಬೆಯಂತೆಯೇ ಇತ್ತು. ಚಿಕ್ಕಬೈರಪ್ಪ ಗಂಟಲು ಸರಿಮಾಡಿಕೊಂಡ. ಮೈಲಿಗಲ್ಲು ಬಾಯಿಬಿಟ್ಟದ್ದೂ ಇದೇ ಸದ್ದಿಗೆ.

“ಹೆಸರಿಲ್ಲ ಸಾರ್” ಎಂದಿತು ಬೊಂಬೆ. ಮುಖ ರಾಕ್ಷಸನದು, ದನಿ ಮಾತ್ರ ಮೇಲಧಿಕಾರಿಯೆದುರು ನಿಂತ ಗುಮಾಸ್ತನದು. “ಮಾರ್ಕೆಟ್ ಫುಟ್‌ಪಾತಲ್ಲಿ ಹುಟ್ಟಿದ್ದು. ನನ್ನನ್ನ ಇದ್ರಲ್ಲಿ ಎಳೀಬೇಡಿ ಸಾರ್.”

“ಕಣ್ಣು ಬಿಡು.”

“ಬೇಡ ಸಾರ್. ನಾನೇನೂ ನೋಡಿಲ್ಲ.”

“ನೋಡಿಲ್ಲ ಅಂದ್ಮೇಲೆ ಬಿಡೋಕೇನು?”

“ಬಿಟ್ರೆ ನೋಡಿರೋದು ಕಾಣುತ್ತೆ ಸಾರ್.”

ಚಿಕ್ಕಬೈರಪ್ಪ ರಸ್ತೆಯ ಉದ್ದಕ್ಕೂ ನೋಡಿದ. ಎದುರುಗಡೆ, ಪಕ್ಕದಲ್ಲಿ, ತಿರುವಿನಾಚೆ, ಎಲ್ಲ ಕಟ್ಟಡಗಳಲ್ಲೂ ಕಣ್ಣು ಮುಚ್ಚಿದ ಮುಖಗಳು. “ಅವರೆಲ್ಲ?”

“ಅವರೂ ಏನೂ ನೋಡಿಲ್ಲ ಸಾರ್. ನಾವು ನಾವು ಮಾತಾಡ್ಕೊಂಡಿದ್ದೀವಿ.”

“ಯಾಕ್ರೋ?”

“ಸಾಕ್ಷಿ ಅಂತ ಒಂದ್ಸಲ ಹೆಸರು ಬಿದ್ರೆ ವರ್ಷಾನುಗಟ್ಲೆ ಕೋರ್ಟಿಗೆ ಅಲೀಬೇಕಂತೆ. ನನಗೆ ಕಾಲೂ ಇಲ್ಲ ಸಾರ್. ಬರೀ ಪ್ಯಾಂಟು ಇರೋದು.” ಬೊಂಬೆ ಗಾಳಿಗೆ ಒಂದು ಸುತ್ತು ತಿರುಗಿ ಮತ್ತೆ ಎದುರಾಯಿತು. ಈಗ ಅದರ ದನಿ ಬೇರೆಯಾಗಿತ್ತು. “ಬೇರೆಯೋರ ಕಣ್ಣು ನನ್ನ ಮೇಲೆ ಬೀಳ್ಲಿ ಅಂತ ನನ್ನ ಕಟ್ಟಿರೋದು. ಬಿದ್ದಷ್ಟೂ ಹೊತ್ಕೋತೀನಿ. ನಾನೇ ಇನ್ನೊಬ್ಬರ ಮೇಲೆ ಕಣ್ಣು ಹಾಕೋ ಹಂಗಿಲ್ಲ. ಅದ್ರಲ್ಲೂ ಕಟ್ಟಿಸಿದೋರ ಮೇಲೆ…”

“ಯಾರ ಮೇಲೆ?”

ಹೊಟ್ಟೆಯ ತನಕ ಇಳಿದಿದ್ದ ಕೆಂಪು ನಾಲಿಗೆ ಸರ್ರನೆ ಸುತ್ತಿಕೊಂಡು ಬಾಯೊಳಗೆ ಹೋಯಿತು. ಆಮೇಲೆ ಚಿಕ್ಕಬೈರಪ್ಪ ಏನು ಕೇಳಿದರೂ ಬೊಂಬೆ ತುಟಿ ಬಿಚ್ಚಲಿಲ್ಲ.

ಬಿಚ್ಚುವ ಅಗತ್ಯವೂ ಇರಲಿಲ್ಲ. ಹತ್ತುವಾಗ ಬಗ್ಗಿದ್ದ ಕಂಬಗಳು ಇಳಿಯುವಾಗ ಬಗ್ಗಲಿಲ್ಲ. ಒಂದೊಂದೇ ಹಿಡಿದು, ಮುದುಕನಂತೆ ಇಳಿದ. ಕಟ್ಟಿಸಿದವನು ಬೋರಣ್ಣ. ತನ್ನ ಬಾಗಿಲನ್ನು ತಾನೇ ಯಾಕೆ ಕದಿಯುತ್ತಾನೆ? ಇಷ್ಟು ವರ್ಷದ ನೌಕರಿಯಲ್ಲಿ ಮನೆಯಿಂದ ಕದ್ದವರನ್ನು ಕಂಡಿದ್ದ, ಮನೆಯನ್ನೇ ಕದ್ದವರನ್ನೂ ಕಂಡಿದ್ದ. ತನ್ನದನ್ನೇ ಕದ್ದು ಪೊಲೀಸರಿಗೆ ಹೇಳಿದವನನ್ನು ಮಾತ್ರ ಕಂಡಿರಲಿಲ್ಲ.

ಸಂಜೆ ಮನೆಗೆ ಹೋದಾಗ ಕಮಲಾದೇವಿ ಹಜಾರದಲ್ಲಿ ಮನಿ ಪ್ಲಾಂಟಿನ ಬಳ್ಳಿಗೆ ನೀರು ಹಾಕುತ್ತಿದ್ದಳು. ಬಳ್ಳಿ ಹೊಸದು.

“ಇದೆಲ್ಲಿಂದ ಬಂತು?”

“ಅನ್ನಪೂರ್ಣಮ್ಮನ ಕಾಂಪೌಂಡಿಂದ.”

“ಕೇಳಿ ತಂದ್ಯಾ?”

“ಕೇಳಿ ತಂದ್ರೆ ಹತ್ತಲ್ಲ ಕಣ್ರೀ. ಮನಿ ಪ್ಲಾಂಟು ಕದ್ದರೇನೇ ಹತ್ತೋದು.”

“ಪೊಲೀಸಿನೋನ ಮನೇಲಿ ಕಳ್ಳಮಾಲು.”

“ಅವರೂ ಕದ್ದಿದ್ದೇ ಅದನ್ನ” ಎಂದಳು ಕಮಲಾದೇವಿ. ಬಡಾವಣೆಯ ಮನಿ ಪ್ಲಾಂಟುಗಳೆಲ್ಲ ಹೀಗೆ ಒಬ್ಬರಿಂದೊಬ್ಬರು ಕದ್ದವೇ. ಮೊದಲು ಕೊಂಡುತಂದವರು ಯಾರೆಂದು ಪತ್ತೆ ಹಚ್ಚಲು ಪೊಲೀಸರಿಂದಲೂ ಆಗಿಲ್ಲ.

ಚಿಕ್ಕಬೈರಪ್ಪ ಸುಮ್ಮನೆ ಬಳ್ಳಿಯನ್ನು ನೋಡುತ್ತಾ ಕೇಳಿದ. “ಕದ್ದ ತಕ್ಷಣ ಗುಣ ಬದಲಾಗಿಬಿಡುತ್ತೇನೇ?”

“ಮತ್ತೆ? ಒಳ್ಳೇದು ಕದ್ದರೆ ಒಳ್ಳೇದು ಹಿಂದೆ ಬರುತ್ತೆ. ಕೆಟ್ಟದ್ದು ಕದ್ದರೆ…” ಅವಳ ಕೈಯ ಚೊಂಬು ನಿಂತಿತು. ಅವಳ ಮುಖ ನೋಡಿದರೆ, ಹೇಳುತ್ತಿರುವಾಗಲೇ ಅದು ಅವಳಿಗೂ ಹೊಳೆದಂತಿತ್ತು.

“ಕೆಟ್ಟದ್ದು ಕದ್ದರೆ?”

“ಕದ್ದೋನ ಹಿಂದೆ ಹೋಗುತ್ತೆ” ಎಂದಳು ಸಣ್ಣಗೆ.

ಆಮೇಲೆ ಅವಳು ಹೇಳಿದ್ದು ಇದು. ಹೋದ ತಿಂಗಳು ಜೆ.ಪಿ. ನಗರದಿಂದ ವಾಸ್ತು ನೋಡುವವನೊಬ್ಬ ಬೋರಣ್ಣನ ಹೊಸ ಮನೆಗೆ ಬಂದಿದ್ದ. ದಿಕ್ಸೂಚಿ ಇಟ್ಟು ನೋಡಿ, ತಲೆಬಾಗಿಲು ದಕ್ಷಿಣಕ್ಕಿದೆ, ಯಮನ ದಿಕ್ಕು, ಮನೆಯಲ್ಲಿ ಬಸುರಿ ಇದ್ದಾಳೆ, ಕೂಸಿಗೆ ಒಳ್ಳೆಯದಲ್ಲ, ಬಾಗಿಲನ್ನು ಪೂರ್ವಕ್ಕೆ ತಿರುಗಿಸಿ ಎಂದ. ಬೋರಣ್ಣನ ಸೊಸೆ ಪ್ರಿಯಾಂಕಾಗೆ ಆಗ ಆರು ತುಂಬಿತ್ತು. ಹಿಂದೆ ಎರಡು ಸಲ ಬಸುರು ನಿಲ್ಲದೆ ಹೋಗಿತ್ತು. ಬೋರಣ್ಣ ನಡುಗಿಹೋದ. ಆದರೆ ಪೂಜೆ ಮಾಡಿ ನಿಲ್ಲಿಸಿದ ವಾಸ್ಕಲ್ಲನ್ನು ಮನೆಯ ಯಜಮಾನ ತೆಗೆಸುವುದೆಂದರೆ ತನ್ನ ಮನೆಯ ಚಟ್ಟವನ್ನು ತಾನೇ ಕಟ್ಟಿದಂತೆ. ಇಟ್ಟರೆ ಕೂಸಿಗೆ ದೋಷ, ತೆಗೆದರೆ ಮನೆಗೆ ದೋಷ. “ತಾನಾಗಿ ಹೋದರೆ ಯಾರಿಗೂ ಇಲ್ಲ” ಎಂದು ಹೇಳಿ ವಾಸ್ತುವಿನವನು ತಾನೂ ಹೋದ.

ಚಿಕ್ಕಬೈರಪ್ಪ ಗೋಡೆಗೆ ಒರಗಿದ. ಎಲ್ಲ ಬಿಡಿಬಿಡಿಯಾಗಿ ಬಂದು ಕೂಡಿಕೊಂಡಿತು. ಬಾಗಿಲು ತಾನಾಗಿ ಹೋಗಬೇಕಾದರೆ ಕಳುವಾಗಬೇಕು. ಕಳುವೆನಿಸಿಕೊಳ್ಳಬೇಕಾದರೆ ಕಂಪ್ಲೇಂಟು ಬೇಕು. ದೋಷ ಹಿಂದೆ ಹೋಗಬೇಕಾದರೆ ಒಬ್ಬ ಕಳ್ಳ ಬೇಕು. ಆ ಕಳ್ಳನನ್ನು ಹಿಡಿದುಕೊಟ್ಟವನು ತಾನೇ.

“ಸುಮ್ಮನಿದ್ದುಬಿಡಿ” ಎಂದಳು ಕಮಲಾದೇವಿ. “ಪ್ರಿಯಾಂಕಾಗೆ ಏಳು ತಿಂಗಳು. ಆ ಹೊಳೆಪ್ಪ ಯಾರು ನಮಗೆ? ಸ್ವಲ್ಪ ದಿನ ಆದ್ಮೇಲೆ ಅಣ್ಣನೇ ಯಾರನ್ನಾದ್ರೂ ಕಳಿಸಿ ಜಾಮೀನು ಕೊಡಿಸ್ತಾನೆ.”

“ಜಾಮೀನಿಗೆ ದೋಷ ಹೋಗುತ್ತಾ?”

ಅವಳು ತಟ್ಟೆ ಇಟ್ಟಳು. ಮುದ್ದೆ ಬಡಿಸಿದಳು, ಸಾರು ಹಾಕಿದಳು, ಎದುರಿಗೆ ಕೂತಳು. “ನೀವು ಬಾಯಿ ಬಿಟ್ರೆ ತೌರುಮನೆ ಬಾಗ್ಲು ನನಗೆ ಮುಚ್ಚಿತು ಅಂತ ತಿಳ್ಕೊಳ್ಳಿ” ಎಂದಳು.

“ಇಲ್ಲವಲ್ಲೇ ಈಗ ಅಲ್ಲಿ ಬಾಗ್ಲು” ಎಂದ ಚಿಕ್ಕಬೈರಪ್ಪ.

ಅವಳು ನಗಲಿಲ್ಲ. ಅವನಿಗೂ ನಗು ಬರಲಿಲ್ಲ. ಒಂದು ತಟ್ಟೆ ಮುದ್ದೆಗೆ ಮೂರು ಊರು ಕೇಳುವಂತೆ ತೇಗುತ್ತಿದ್ದ ಮನುಷ್ಯ ಆ ದಿನ ಅರ್ಧ ಉಂಡು ಕೈ ತೊಳೆದ.

ಮರುದಿನ ಬೆಳಗ್ಗೆ ಗುರುತು ಹಿಡಿಯುವ ಪರೇಡು ಎಂದು ಅವನು ಇನ್ಸ್‌ಪೆಕ್ಟರಿಗೆ ಹೇಳಿದ.

“ಸಾಕ್ಷಿ ಸಿಕ್ಕಿದ್ದಾರಾ?” ಮುತ್ತುರಾಜ ಹಿಗ್ಗಿದರು. “ಎಲ್ರೀ?”

“ಕರ್ಕೊಂಡ್ ಬರ್ತಿದ್ದಾರೆ ಸಾರ್.”

ಜೀಪು ಬಂತು. ಮುಂದಿನ ಸೀಟಿನಲ್ಲಿ ಚೌಕಳಿ ಅಂಗಿಯ ಬೊಂಬೆ ಕಣ್ಣು ಮುಚ್ಚಿಕೊಂಡು ಕೂತಿತ್ತು. ಹಿಂದಿನ ಸೀಟಿನಿಂದ ಹನುಮಯ್ಯ ಅದು ಮುಂದಕ್ಕೆ ಬೀಳದಂತೆ ಕಾಲರ್ ಹಿಡಿದಿದ್ದ. ಮುತ್ತುರಾಜ ಬಹಳ ಹೊತ್ತು ನೋಡಿದರು.

“ಚಿಕ್ಕಬೈರಪ್ಪ, ನಿಮ್ಮ ರಿಟೈರ್ಮೆಂಟು ಯಾವಾಗ?”

“ಇದಾದ್ಮೇಲೆ ಇವತ್ತೇ ಇರಬೋದು ಸಾರ್.”

ಹೊರಗೆ ಇಡೀ ಬಡಾವಣೆ ಸೇರಿತ್ತು. ಎರಡು ದಿನದಿಂದ ಒಡೆದ ಹಾಲಿನ ಕಾಫಿ ಕುಡಿದ ಜನ. ಅವರನ್ನು ನೋಡಿ ಮುತ್ತುರಾಜ, “ಏನಾದ್ರೂ ಮಾಡ್ರೀ, ಅದು ಕಣ್ಣು ಬಿಟ್ರೆ ಸಾಕು” ಎಂದರು.

ಹೊಳೆಪ್ಪನನ್ನು ಹೊರಗೆ ತಂದು ಅಂಗಳದಲ್ಲಿ ನಿಲ್ಲಿಸಿದರು. ಅವನ ಅಕ್ಕಪಕ್ಕಕ್ಕೆ ಪೇಪರ್ ಹಾಕುವವನು, ಸೋಡಾ ಅಂಗಡಿಯವನು, ಒಬ್ಬ ಎಲೆಕ್ಟ್ರಿಷಿಯನ್ನು. ಕಂಪ್ಲೇಂಟು ಕೊಟ್ಟವನೆಂದು ಬೋರಣ್ಣನೂ ಬಿಳಿ ಪಂಚೆಯುಟ್ಟು ಬಂದು ಕುರ್ಚಿಯಲ್ಲಿ ಕೂತಿದ್ದ.

“ಭಾವ, ಒಬ್ಬರು ಕಮ್ಮಿ ಇದ್ದಾರೆ. ಬನ್ನಿ” ಎಂದ ಚಿಕ್ಕಬೈರಪ್ಪ.

“ನಾನ್ಯಾಕಪ್ಪ? ಕಳ್ಕೊಂಡೋನು ನಾನು.”

“ಸುಮ್ನೆ ಸಾಲಿಗೆ ಭಾವ. ನಿಂತ್ಕೊಳ್ಳಿ.”

ಜನರೆಲ್ಲ ನೋಡುತ್ತಿದ್ದರು. ಆಗುವುದಿಲ್ಲವೆಂದರೆ ಚೆನ್ನಾಗಿರುವುದಿಲ್ಲ. ಬೋರಣ್ಣ ಎದ್ದು ಸಾಲಿನ ಕೊನೆಯಲ್ಲಿ ನಿಂತ.

ಬೊಂಬೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಚಿಕ್ಕಬೈರಪ್ಪ ಗಂಟಲು ಸರಿಮಾಡಿಕೊಂಡ. ಬೊಂಬೆ ಅಲುಗಲಿಲ್ಲ. ಗದರಿದ. ಅಲುಗಲಿಲ್ಲ. ಕಲ್ಲನ್ನು ಮಾತಾಡಿಸಿದವನ ದನಿ ಹುಲ್ಲಿನ ಮುಂದೆ ಸೋತಿತು. ಜನ ಗುಸುಗುಸು ಶುರುಮಾಡಿದರು. ಮುತ್ತುರಾಜ ಗಡಿಯಾರ ನೋಡಿಕೊಂಡರು, ಕೋರ್ಟಿನ ಹೊತ್ತಾಗುತ್ತಿತ್ತು.

ಹೊಂಗೆಮರದ ಕೆಳಗಿಂದ ರೇಣವ್ವ ಎದ್ದು ಬಂದಳು. ಅವಳನ್ನು ಯಾರೂ ತಡೆಯಲಿಲ್ಲ. ಬೊಂಬೆಯ ಎದುರಿಗೆ ನಿಂತಳು.

“ಏ ಬೊಂಬಿ, ನಿನ್ನ ಮೈಮ್ಯಾಲಿನ ಅಂಗಿ ಯಾರ್ದು?”

ರೇಣವ್ವ ಅದರ ಕಾಲರ್ ಮುಟ್ಟಿದಳು.

“ನಮ್ಮ ಮದಿವ್ಯಾಗ ಹೊಲಿಸಿದ್ದದು. ನಿನಗ ಹುಲ್ಲ ತುಂಬಿದಾವ ಅಂವ. ಗುಂಡಿ ಹಾಕಿದಾಕಿ ನಾನು. ಈಗ ಅವನ ಅಂಗಿ ತೊಟ್ಕೊಂಡ ಕುಂತು ಅವನ್ನ ಜೇಲಿಗೆ ಕಳಸ್ತಿ?” ಅವಳ ದನಿ ಏರಲಿಲ್ಲ. “ಕಳಸು. ಆದ್ರ ಅಂಗಿ ಬಿಚ್ಚಿ ಕೊಟ್ಟು ಕಳಸು. ಒಳಗ ಚಳಿ ಇರತೈತಿ.”

ಅಂಗಳದಲ್ಲಿ ಎಷ್ಟು ಮೌನವಾಯಿತೆಂದರೆ ಗಿರಿನಗರದಲ್ಲಿ ಒಂದು ಮಗು ಆಕಳಿಸಿದ್ದು ಇಲ್ಲಿಗೆ ಕೇಳಿಸಿತು. ಬೊಂಬೆಯ ಎದೆಯ ಹುಲ್ಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಬಣ್ಣದ ರೆಪ್ಪೆಗಳು, ಒಣಗಿದ ಬಣ್ಣ ಚಕ್ಕೆಚಕ್ಕೆಯಾಗಿ ಉದುರುತ್ತಾ, ಮೆಲ್ಲಗೆ ಮೇಲಕ್ಕೆ ಸರಿದವು. ದೋಸೆಯಗಲದ ಕಣ್ಣುಗಳು ಹೊಳೆಪ್ಪನನ್ನು ನೋಡಿ ಮುಂದೆ ಹೋದವು. ಪೇಪರಿನವನನ್ನು, ಸೋಡಾದವನನ್ನು, ಎಲೆಕ್ಟ್ರಿಷಿಯನ್ನನ್ನು ದಾಟಿದವು. ಬೋರಣ್ಣನ ಮೇಲೆ ನಿಂತವು. ಅಲ್ಲಿಂದ ಕದಲಲಿಲ್ಲ.

ಆ ಕ್ಷಣಕ್ಕೆ ಬಡಾವಣೆಯ ಬೊಂಬೆಗಳೆಲ್ಲ ಒಟ್ಟಿಗೆ ಕಣ್ಣು ಬಿಟ್ಟ ಸದ್ದು, ಅಂಗಡಿ ಬೀದಿಯ ಷಟರುಗಳನ್ನೆಲ್ಲ ಒಂದೇ ಸಲ ಎತ್ತಿದಂತೆ ಕೇಳಿಸಿತು. ಮನೆಗಳಲ್ಲಿ ಇಡ್ಲಿಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ಹಾರಿಸಿತು. ಆದರೆ ಅಂಗಳದಲ್ಲಿದ್ದ ಯಾರೂ ಮನೆಗೆ ಓಡಲಿಲ್ಲ. ಎಲ್ಲರೂ ಬೋರಣ್ಣನನ್ನೇ ನೋಡುತ್ತಿದ್ದರು.

“ಇದು ಕೋರ್ಟಲ್ಲಿ ನಿಲ್ಲಲ್ಲ ಕಣ್ರೀ” ಎಂದರು ಮುತ್ತುರಾಜ ಮೆಲ್ಲಗೆ.

“ಗೊತ್ತು ಸಾರ್” ಎಂದ ಚಿಕ್ಕಬೈರಪ್ಪ. ಭಾವನ ಹತ್ತಿರ ಹೋಗಿ ನಿಂತ. “ಭಾವ, ಬಾಗ್ಲು ಎಲ್ಲಿಟ್ಟಿದ್ದೀರಿ?”

ಬೋರಣ್ಣ ಅಲ್ಲೇ ಕುಕ್ಕರಿಸಿ ಕೂತ. “ಹಳೇ ಊರಿನ ಕೊಟ್ಟಿಗೇಲಿ. ಹುಲ್ಲು ಮುಚ್ಚಿ” ಎಂದ. ಆಮೇಲೆ ಇನ್ನೂ ಸಣ್ಣಗೆ, “ಬೈರಪ್ಪ, ಇಲ್ಲಿಗೇ ಬಿಟ್ಬಿಡು. ಕಂಪ್ಲೇಂಟು ವಾಪಸ್ ತಗೋತೀನಿ. ನಾನೇ ಕದ್ದೆ ಅಂತ ಮಾತ್ರ ನನ್ನ ಬಾಯಲ್ಲಿ ಬರಬಾರ್ದು. ಬಂದ್ರೆ ಬಾಗ್ಲಿನ ದೋಷ ನಮ್ಮನೆಗೇ ತಿರುಗಿ ಬರುತ್ತೆ. ನನ್ನ ಸೊಸೆ ಹೊಟ್ಟೇಲಿ ಕೂಸೈತೆ” ಎಂದ.

ಅವನ ಮುಖದಲ್ಲಿ ಸುಳ್ಳಿರಲಿಲ್ಲ. ಅವನಿಗೆ ನಿಜವಾಗಿಯೂ ಭಯವಾಗಿತ್ತು. ಆ ಭಯ ಎಷ್ಟು ದೊಡ್ಡದೆಂದು ಚಿಕ್ಕಬೈರಪ್ಪನಿಗೆ ಗೊತ್ತಿತ್ತು.

ರೇಣವ್ವ ಬೋರಣ್ಣನ ಎದುರಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ನೆಲಕ್ಕೆ ಕೂತಳು. ಇಬ್ಬರ ಮುಖವೂ ಒಂದೇ ಮಟ್ಟಕ್ಕೆ ಬಂತು.

“ಯಜಮಾನ್ರ, ನನಗೂ ಹೊಟ್ಯಾಗ ಕೂಸೈತ್ರಿ. ಕಳ್ಳನ ಹಿಂದ ದೋಷ ಬರತೈತಿ ಅಂದ್ರ ಅದು ಇದಕ್ಕ ಬರತೈತಿ. ನಿಮ್ಮ ಸೊಸಿದೊಂದು, ನಂದೊಂದು. ಯಾವುದಕ್ಕ ಬರ್ಲಿ, ನೀವ ಹೇಳ್ರಿ. ನೀವು ಹೇಳಿದಂಗ ಆಗ್ಲಿ.”

ಬೋರಣ್ಣ ಅವಳ ಹೊಟ್ಟೆ ನೋಡಿದ. ಐದು ತಿಂಗಳಿಂದ ದಿನಾ ತನ್ನ ಕಟ್ಟಡದಲ್ಲಿ ಗೋಡೆಗೆ ನೀರು ಹಾಕುತ್ತಿದ್ದವಳು. ಅವನು ನೋಡಿದ್ದು ಅದೇ ಮೊದಲು.

“ಕಳ್ಳ ಅಂದ್ರೆ ಯಾವನೋ ಒಬ್ಬ ಅಂದ್ಕೊಂಡಿದ್ದೆ ಕಣವ್ವ” ಎಂದ. “ಅವನಿಗೂ ಹೆಂಡ್ತಿ ಇರ್ತಾಳೆ ಅಂತ ಹೊಳೀಲಿಲ್ಲ.”

ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು ಎದ್ದು ನಿಂತು, ಯಾರ ಕಡೆಗೂ ನೋಡದೆ ಹೇಳಿದ. “ಬಾಗ್ಲು ಕದ್ದೋನು ನಾನು. ನಾಲ್ಕು ಜನ ಬಡಗಿಗಳನ್ನ ಕರ್ಕೊಂಡೋಗಿ ನಾನೇ ಬಿಚ್ಚಿಸ್ದೆ. ಹೊಳೆಪ್ಪನ್ನ ಅರೆಕೆರೆಗೆ ಕಳ್ಸಿದ್ದೂ ನಾನೇ.”

ಆಕಾಶ ಬೀಳಲಿಲ್ಲ. ಬೀಳುವುದೇನೋ ಎಂದು ಇಡೀ ಬಡಾವಣೆ ಒಮ್ಮೆ ಮೇಲಕ್ಕೆ ನೋಡಿತು.

ಮುತ್ತುರಾಜ ಉಸಿರುಬಿಟ್ಟರು. “ಆಯ್ತು. ಸುಳ್ಳು ಕಂಪ್ಲೇಂಟಿನ ವಿಷಯ ಸಂಜೆ ಮಾತಾಡೋಣ, ಬೋರಣ್ಣ. ಹೊಳೆಪ್ಪ, ನೀನು ಹೋಗಪ್ಪ.”

ಹೊಳೆಪ್ಪ ನಿಂತಲ್ಲಿಂದ ಕದಲಲಿಲ್ಲ.

“ಹೋಗಯ್ಯ, ಬಿಟ್ಟಿದ್ದೀವಿ” ಎಂದ ಹನುಮಯ್ಯ.

“ಬಿಟ್ರಿ, ಖರೆ” ಎಂದ ಹೊಳೆಪ್ಪ. ಎರಡು ದಿನದಲ್ಲಿ ಅವನು ಆಡಿದ ಎರಡನೇ ಮಾತು. “ಇಲ್ಲಿ ಬಂದ ಮಂದಿಗೆ ಗೊತ್ತಾತು. ಬರದಾವ್ರಿಗೆ ನಾ ಇನ್ನೂ ಕಳ್ಳನ. ನಾಳೆ ಯಾವ ಗೇಟಿನ್ಯಾಗ ಕೆಲ್ಸ ಕೇಳ್ಲಿ? ಯಜಮಾನ್ರ ಗೇಟ್ ಗೇಟಿಗೆ ಬಂದು ಈ ಮಾತ ಹೇಳ್ಲಿ. ಆಮ್ಯಾಲ ಹೊಕ್ಕೀನಿ.”

ಮುತ್ತುರಾಜ ಚಿಕ್ಕಬೈರಪ್ಪನನ್ನು ನೋಡಿದರು. ಚಿಕ್ಕಬೈರಪ್ಪ ಬೋರಣ್ಣನನ್ನು ನೋಡಿದ. ಬೋರಣ್ಣ ಪಂಚೆಯ ಧೂಳು ಕೊಡವಿಕೊಂಡ.

ಜೀಪು ಹೊರಟಿತು. ಚಿಕ್ಕಬೈರಪ್ಪನೇ ಓಡಿಸಿದ, ಎತ್ತಿನ ಗಾಡಿಗಿಂತ ನಿಧಾನವಾಗಿ. ಮುಂದಿನ ಸೀಟಿನಲ್ಲಿ ಹೊಳೆಪ್ಪ. ಹಿಂದೆ ರೇಣವ್ವ. ಜೀಪಿನ ಮುಂದೆ ಬೋರಣ್ಣ ಬರಿಗಾಲಲ್ಲಿ. ಚಪ್ಪಲಿಯನ್ನು ಅವನು ಯಾಕೆ ಠಾಣೆಯಲ್ಲೇ ಬಿಟ್ಟನೋ, ಯಾರೂ ಕೇಳಲಿಲ್ಲ. ಮೂರನೇ ತಿರುವಿನಲ್ಲಿ ತನ್ನ ಮನೆ ಬರುತ್ತದೆ, ಗೇಟಿನಲ್ಲಿ ಕಮಲಾದೇವಿ ನಿಂತಿರುತ್ತಾಳೆ, ಅಣ್ಣ ಆ ಗೇಟಿನಲ್ಲೂ ನಿಲ್ಲಬೇಕಾಗುತ್ತದೆ ಎನ್ನುವುದು ಚಿಕ್ಕಬೈರಪ್ಪನ ತಲೆಯಲ್ಲಿ ಸುತ್ತುತ್ತಿತ್ತು. ಆದರೂ ಗೇರು ಬದಲಿಸಲಿಲ್ಲ.

ಮೊದಲನೆಯದು ಅನ್ನಪೂರ್ಣಮ್ಮನ ಗೇಟು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಜೀಪು ನಿಂತಿತು. ಬೋರಣ್ಣ ಗೇಟಿನ ಸರಳು ಹಿಡಿದು, ತುಟಿಯೊಳಗೇ ಏನೋ ಹೇಳಿದ.

“ಕೇಳಸ್ಲಿಲ್ರಿ” ಎಂದಳು ರೇಣವ್ವ ಹಿಂದಿನಿಂದ.

ಬೋರಣ್ಣ ಒಮ್ಮೆ ತನ್ನ ಮನೆಯ ದಿಕ್ಕಿಗೆ ತಿರುಗಿ ನೋಡಿದ. ಆಮೇಲೆ ತಲೆಯೆತ್ತಿ, ಬೀದಿಯ ಆ ಕೊನೆಗೂ ಮುಟ್ಟುವಂತೆ, ಮತ್ತೆ ಹೇಳಿದ.